ಮೂಗಿಗೆ ಮತ್ತೆ ಅಕ್ಷರಾಭ್ಯಾಸ

ಹಡಗಲಿಯವಳು ಅಂತ ಹೇಳಿದ ಕೂಡಲೇ ಎದುರಿನವರು ಮೊದಲು ಕೇಳುವುದು ಮಲ್ಲಿಗೆಯನ್ನು. ಹಾಸ್ಟೆಲ್‌ನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಅದೇ ಪ್ರಶ್ನೆ: ‘ನಿಮ್ಮೂರ ಹೂವು ತಂದಿಲ್ವಾ?’ ಮೈಸೂರು, ಉಡುಪಿ ಮಲ್ಲಿಗೆಗಳ ಸಾಲಿನಲ್ಲಿ ಜಿಐ ಟ್ಯಾಗ್ ಪಡೆದ ಹೂವು ನಮ್ಮದು. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಊರಿಗೆ ಹೂವಿನ ಹಡಗಲಿ ಎಂಬ ಹೆಸರು ಬಂತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇಂಥ ಊರಿನಲ್ಲಿ, ಅದೂ ಅರ್ಧ ಎಕರೆ ಮಲ್ಲಿಗೆ ತೋಟ ಇರುವ ಮನೆಯಲ್ಲಿ ಹುಟ್ಟಿದ ನನಗೆ ಸುಮಾರು ಒಂದು ವರ್ಷ ಮಲ್ಲಿಗೆಯ ವಾಸನೆ ಇರಲಿಲ್ಲ. ಮೊದಲು ಏನೂ ಬರುತ್ತಿರಲಿಲ್ಲ. ಆಮೇಲೆ ಬಂತು, ಆದರೆ ಬಂದದ್ದು ಮಲ್ಲಿಗೆಯದಾಗಿರಲಿಲ್ಲ.

ಅದು 2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ. ಕಾಲೇಜು ಮುಚ್ಚಿ, ಹಾಸ್ಟೆಲ್ ಖಾಲಿ ಮಾಡಿಸಿ, ನಾವೆಲ್ಲ ನಮ್ಮ ನಮ್ಮ ಊರು ಸೇರಿದ್ದೆವು. ಮನೆಯಲ್ಲಿ ಮೊದಲು ಅಪ್ಪನಿಗೆ ಜ್ವರ, ಆಮೇಲೆ ನನಗೆ. ನಾಲ್ಕನೇ ದಿನ ಬೆಳಿಗ್ಗೆ ಅವ್ವ ಶುಂಠಿ ಕಷಾಯ ತಂದುಕೊಟ್ಟಳು. ಬಿಸಿ ಗೊತ್ತಾಯಿತು, ಗಂಟಲಲ್ಲಿ ಖಾರ ಗೊತ್ತಾಯಿತು, ಶುಂಠಿ ಮಾತ್ರ ಗೊತ್ತಾಗಲಿಲ್ಲ. ಹೆದರಿ ವಿಕ್ಸ್ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ತಣ್ಣಗೆ ಚುರುಚುರು ಎಂದಿತು, ಅಷ್ಟೇ.

ವಾಸನೆ ಮತ್ತು ರುಚಿ ಹೋಗುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ 2020ರ ಜೂನ್ 13ರಂದೇ ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ಮನೆಯಲ್ಲಿ ಯಾರೂ ಇದನ್ನು ದೊಡ್ಡದು ಮಾಡಲಿಲ್ಲ. ಆಕ್ಸಿಜನ್ ಬೆಡ್‌ಗಾಗಿ ಜನ ಪರದಾಡುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ‘ನನಗೆ ವಾಸನೆ ಬರ್ತಿಲ್ಲ’ ಎಂದು ಅಳುವುದು ನನಗೇ ನಾಚಿಕೆ ಅನ್ನಿಸುತ್ತಿತ್ತು. ಅಪ್ಪನಿಗೆ ಹತ್ತು ದಿನದಲ್ಲಿ ವಾಸನೆ ವಾಪಸ್ ಬಂತು. ನನಗೆ ಜ್ವರ ಹೋಯಿತು, ಸುಸ್ತು ಹೋಯಿತು, ಜೂನ್ ಹೋಯಿತು, ಜುಲೈ ಬಂತು. ವಾಸನೆ ಮಾತ್ರ ಬರಲಿಲ್ಲ.

ತೋಟದಲ್ಲೂ ಅದೇ ಕತೆ. ಗುಡಿ ಮುಚ್ಚಿದ್ದವು, ಮದುವೆಗಳಿಗೆ ಜನ ಇಲ್ಲ, ಹೂವು ಕೇಳುವವರೇ ಇಲ್ಲ. ಮೊಗ್ಗು ಬಿಡಿಸಿದರೆ ಕೂಲಿಯೂ ಹುಟ್ಟುವುದಿಲ್ಲ ಎಂದು ಎಷ್ಟೋ ದಿನ ಗಿಡದಲ್ಲೇ ಬಿಟ್ಟೆವು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಎಂದು ಆ ಮೇ ತಿಂಗಳಲ್ಲಿ ಸರ್ಕಾರ ಘೋಷಿಸಿತು. ಸಂಜೆ ಇಡೀ ತೋಟ ಬೆಳ್ಳಗೆ ಅರಳಿ ನಿಲ್ಲುತ್ತಿತ್ತು. ‘ವಾಸನಿ ನೋಡವ್ವ, ಹೆಂಗ್ ಹೊಡಿತೈತಿ’ ಎಂದು ಅಜ್ಜಿ ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಅಜ್ಜಿಗೆ ನನ್ನ ಸಂಗತಿ ಹೇಳಿರಲಿಲ್ಲ. ಎಪ್ಪತ್ತೆಂಟು ವಯಸ್ಸಿನ ಜೀವ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದು.

ಮಿರ್ಚಿಯ ಖಾರ ಇತ್ತು, ಮಿರ್ಚಿ ಇರಲಿಲ್ಲ

ಲಾಕ್‌ಡೌನ್ ಸಡಿಲವಾದ ಮೇಲೆ ಹಾಸ್ಟೆಲ್ ಗೆಳತಿಯರೆಲ್ಲ ಒಂದು ದಿನ ಕೊಟ್ಟೂರಿನಲ್ಲಿ ಸೇರಿದೆವು. ಕೊಟ್ಟೂರಿಗೆ ಹೋಗಿ ಕೊಟ್ಟೂರೇಶ್ವರನಿಗೆ ಕೈಮುಗಿದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನದೆ ಬಂದವರುಂಟೇ? ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಕಚ್ಚಿದೆ. ಉಪ್ಪು ಇತ್ತು, ಖಾರ ಇತ್ತು, ಕಣ್ಣಲ್ಲಿ ನೀರೂ ಬಂತು. ಆದರೆ ಎಣ್ಣೆಯಲ್ಲಿ ಬೆಂದ ಕಡ್ಲೆಹಿಟ್ಟಿನ ಘಮ, ಅಜವಾನ, ಮೆಣಸಿನಕಾಯಿಯ ಹಸಿರು ವಾಸನೆ ಯಾವುದೂ ಇಲ್ಲ. ಬಿಸಿ ರಟ್ಟು ತಿಂದ ಹಾಗಾಯಿತು.

ಯಾಕೆ ಹೀಗೆ ಎಂದು ಆಮೇಲೆ ಓದಿಕೊಂಡೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿಗಳು. ನಾವು ‘ರುಚಿ’ ಎಂದು ಹೊಗಳುವುದರಲ್ಲಿ ಬಹುಪಾಲು, ಅಗಿಯುವಾಗ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆ. ಖಾರವಂತೂ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಅದು ಉರಿ. ಮುಖದ ನೋವು, ಶಾಖ, ತಂಪನ್ನು ಮಿದುಳಿಗೆ ಮುಟ್ಟಿಸುವ ಬೇರೆಯದೇ ನರ ಅದನ್ನು ಹೊತ್ತೊಯ್ಯುತ್ತದೆ. ವಿಕ್ಸ್‌ನ ತಂಪು, ಈರುಳ್ಳಿಯ ಕಣ್ಣೀರು ಕೂಡ ಅದರದೇ ಕೆಲಸ. ನನಗೆ ಆ ದಾರಿ ತೆರೆದೇ ಇತ್ತು. ಮುಚ್ಚಿದ್ದು ಪಕ್ಕದ ದಾರಿ.

ಅಲ್ಲಿಯೇ ಗೊತ್ತಾಯಿತು, ನಾನೊಬ್ಬಳೇ ಅಲ್ಲ ಎಂದು. ಕೂಡ್ಲಿಗಿಯ ಗೆಳತಿಗೂ ವಾಸನೆ ಹೋಗಿ ಎರಡು ತಿಂಗಳಾಗಿತ್ತು. ಅವರದು ಶೇಂಗಾ ಬೆಳೆಯುವ ಮನೆ. ‘ಶೇಂಗಾ ಹುರಿಯೋಕೆ ಕೂತ್ರೆ ಸೀದು ಕರ್ರಗಾದ ಮೇಲೇ ಗೊತ್ತಾಗೋದು ಕಣೇ, ಅದೂ ಕಣ್ಣಿಗೆ’ ಎಂದಳು. ಹರಪನಹಳ್ಳಿಯವಳು ನಕ್ಕು, ‘ನಮ್ಮ ಕಡೆ ರಸ್ತೆ ತುಂಬಾ ಮೆಕ್ಕೆಜೋಳ ಒಣಗಾಕ್ತಾರೆ, ಮಳಿ ಬಂದು ಮುಗ್ಗಿದ್ರೆ ಆ ವಾಸನಿ ಬರ್ದೇ ಇರೋದೇ ಪುಣ್ಯ’ ಎಂದಳು. ಹಗರಿಬೊಮ್ಮನಹಳ್ಳಿಯವಳು ನಮ್ಮನ್ನು ಇನ್ನೊಂದು ದಿನ ಅಂಕಸಮುದ್ರದ ಕೆರೆಗೆ ಕರೆದುಕೊಂಡು ಹೋದಳು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿದ್ದು ಇದೇ ಪಕ್ಷಿಧಾಮ. ನೀರಿನ ನಡುವಿನ ಜಾಲಿಮರಗಳ ಮೇಲೆಲ್ಲ ಹಕ್ಕಿಗಳು. ಹಿಕ್ಕೆಯ ನಾತಕ್ಕೆ ಉಳಿದವರು ದುಪಟ್ಟಾದಿಂದ ಮೂಗು ಮುಚ್ಚಿಕೊಂಡರೆ ನಾವಿಬ್ಬರು ಆರಾಮಾಗಿ ನಿಂತು ಫೋಟೊ ತೆಗೆದೆವು. ಆವತ್ತು ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ನಗು ನಿಂತಿದ್ದು ಜುಲೈ ಕೊನೆಯ ಒಂದು ಮಧ್ಯಾಹ್ನ. ಹಾಲು ಕಾಯಲು ಇಟ್ಟು ಆನ್‌ಲೈನ್ ಕ್ಲಾಸಿಗೆ ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸ್ ಹಾಗೇ ಬರುತ್ತಿತ್ತು. ನಾನು ಅಡುಗೆಮನೆ ಬಾಗಿಲಲ್ಲೇ ಕೂತಿದ್ದೆ. ತೋಟದಿಂದ ಬಂದ ಅವ್ವ ಅಂಗಳದಿಂದಲೇ ಕೂಗುತ್ತಾ ಓಡಿ ಬಂದು ರೆಗ್ಯುಲೇಟರ್ ತಿರುಗಿಸಿದಳು. ‘ಏನ್ ಬೇ, ಮನಿ ತುಂಬಾ ಗ್ಯಾಸ್ ತುಂಬೇತಿ, ನಿನಗ ವಾಸನಿ ಬರ್ಲಿಲ್ಲೇನು?’ ನಾನು ಸುಮ್ಮನೆ ನಿಂತೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ಮರ್ಕಾಪ್ಟನ್ ಎಂಬ ಗಬ್ಬು ನಾರುವ ರಾಸಾಯನಿಕ ಬೆರೆಸುತ್ತಾರೆ. ಆ ಎಚ್ಚರಿಕೆ ಗಂಟೆ ನನ್ನ ಮಟ್ಟಿಗೆ ಕೆಟ್ಟು ಕೂತಿತ್ತು. ಒಳಕೋಣೆಯಲ್ಲಿ ಅಜ್ಜಿ ಮಲಗಿದ್ದಳು. ಅವಳಿಗೂ ಗೊತ್ತಾಗಿರಲಿಲ್ಲ. ನಿದ್ದೆಯಲ್ಲಿದ್ದಳು ಎಂದುಕೊಂಡೆವು.

ಬಂದದ್ದು ಕೊಳೆತ ವಾಸನೆ

ಆಗಸ್ಟ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಏನೋ ನಾರಿತು. ಖುಷಿಯಿಂದ ಎದ್ದು ಹುಡುಕಿದರೆ ಅವ್ವ ಈರುಳ್ಳಿ ಒಗ್ಗರಣೆ ಹಾಕುತ್ತಿದ್ದಳು. ಆದರೆ ಅದು ಒಗ್ಗರಣೆಯ ವಾಸನೆ ಆಗಿರಲಿಲ್ಲ. ಸುಟ್ಟ ರಬ್ಬರಿನ ಜೊತೆ ಚರಂಡಿ ಸೇರಿದಂತೆ. ಕಾಫಿಯೂ ಹಾಗೇ, ಬೆಳ್ಳುಳ್ಳಿಯೂ ಹಾಗೇ. ಊಟಕ್ಕೆ ಕೂತರೆ ವಾಕರಿಕೆ. ಮೊಸರನ್ನ, ಬಿಳಿ ರೊಟ್ಟಿ, ಬಾಳೆಹಣ್ಣು ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ನನ್ನ ಮೈಯೇ ನಾರುತ್ತಿದೆ ಅನ್ನಿಸಿ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದೆ. ಗೆಳತಿಯರ ಪಕ್ಕ ಕೂರಲು ಹಿಂಜರಿಕೆ.

ಶ್ರಾವಣದ ಒಂದು ಸೋಮವಾರ ಅಜ್ಜಿ ಪೂಜೆ ಮುಗಿಸಿ, ತೋಟದಲ್ಲಿ ಸಿಕ್ಕಷ್ಟು ಮೊಗ್ಗು ಕಟ್ಟಿ, ಹಿಂದಿನಿಂದ ಬಂದು ನನ್ನ ಜಡೆಗೆ ಮುಡಿಸಿದಳು. ಆ ಕ್ಷಣಕ್ಕೆ ಹೇಸಿಗೆ ತುಳಿದಂಥ ವಾಸನೆ. ತಡೆಯಲಾಗದೆ ಹೂವು ಕಿತ್ತು ಎಸೆದುಬಿಟ್ಟೆ. ಅದು ದೇವರ ಹೂವು. ಅಜ್ಜಿ ಏನೂ ಅನ್ನಲಿಲ್ಲ. ಬಗ್ಗಿ ಆರಿಸಿಕೊಂಡು ಹೋಗಿ ತುಳಸಿ ಕಟ್ಟೆಯ ಮೇಲೆ ಇಟ್ಟಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಕಾರಣ ಹೇಳಲಿಲ್ಲ. ಏನೆಂದು ಹೇಳಲಿ? ನಲವತ್ತು ವರ್ಷ ಆ ಹೂವನ್ನೇ ಬಿಡಿಸಿ, ಕಟ್ಟಿ, ಮಾರಿ ಮಕ್ಕಳನ್ನು ಓದಿಸಿದವಳಿಗೆ ‘ನಿನ್ನ ಹೂವು ಹೇಲಿನಂಗೆ ನಾರ್ತತಿ’ ಎಂದು ಹೇಳುವುದು ಹೇಗೆ?

ಕೊನೆಗೆ ಅವ್ವನೇ ಹಟ ಹಿಡಿದು ಅಕ್ಟೋಬರ್‌ನಲ್ಲಿ ಹೊಸಪೇಟೆಗೆ ಕರೆದುಕೊಂಡು ಹೋದಳು. ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ, ಹೊಸಪೇಟೆ ನಮಗೆ ಹೊಸ ಜಿಲ್ಲಾ ಕೇಂದ್ರವಾಗಿತ್ತು. ಅಲ್ಲಿನ ಕಿವಿ-ಮೂಗು-ಗಂಟಲು ವೈದ್ಯರು ಮೂಗಿನೊಳಗೆ ಸಣ್ಣ ಕೊಳವೆ ಇಳಿಸಿ ನೋಡಿದರು. ಮಾಂಸ ಬೆಳೆದಿಲ್ಲ, ಸೋಂಕಿಲ್ಲ ಎಂದರು. ನಾನು ಅಳುತ್ತಾ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ಮೊದಲು ಏನೂ ಇರಲಿಲ್ಲ, ಈಗ ಕೆಟ್ಟದಾಗಿ ಬರ್ತಿದೆ, ಅಲ್ವಾ? ಹಾಗಾದರೆ ಒಳಗೆ ರಿಪೇರಿ ಶುರುವಾಗಿದೆ ಅಂತ ಅಂದ್ಕೋ.’

ಅವರು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಮೂಗಿನ ತುದಿಯಲ್ಲಲ್ಲ, ಎರಡು ಕಣ್ಣುಗಳ ನಡುವಿನ ಎತ್ತರದಲ್ಲಿ, ಅಂಚೆ ಚೀಟಿಯಷ್ಟು ಪೊರೆಯಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳು. ಒಂದೊಂದು ಪರಿಮಳವೂ ಹಲವು ಗ್ರಾಹಕಗಳನ್ನು ಒಟ್ಟಿಗೆ ಮೀಟುತ್ತದೆ. ಮಿದುಳು ಆ ಜೋಡಣೆಯನ್ನು ಓದಿ ‘ಇದು ನಿಂಬೆ’, ‘ಇದು ಮಲ್ಲಿಗೆ’ ಎನ್ನುತ್ತದೆ. ಈ ಗ್ರಾಹಕಗಳ ಗುಟ್ಟು ಬಿಡಿಸಿದ್ದಕ್ಕೇ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂದದ್ದು. ಕೊರೊನಾ ವೈರಸ್ ಮುಖ್ಯವಾಗಿ ಹೊಡೆಯುವುದು ನರಕೋಶಗಳನ್ನಲ್ಲ, ಅವುಗಳನ್ನು ಸುತ್ತುವರಿದು ಪೋಷಿಸುವ ಕೋಶಗಳನ್ನು ಎಂದು 2020ರಲ್ಲೇ ವಿಜ್ಞಾನಿಗಳು ತೋರಿಸಿದ್ದರು. ಪೋಷಕ ಕೋಶ ಬೇಗ ಚೇತರಿಸಿಕೊಂಡರೆ ಅಪ್ಪನಂತೆ ಹತ್ತು ದಿನದಲ್ಲಿ ವಾಸನೆ ಬರುತ್ತದೆ. ಪೆಟ್ಟು ಆಳವಾಗಿದ್ದರೆ ನರಕೋಶಗಳೂ ಸೊರಗುತ್ತವೆ. ಒಳ್ಳೆಯ ಸುದ್ದಿ ಎಂದರೆ ಅವು ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಹೊಸ ತಂತಿ ಎಳೆಯುವಾಗ ಎಲ್ಲವೂ ಒಮ್ಮೆಗೇ ಜೋಡಣೆಯಾಗುವುದಿಲ್ಲ. ಅರ್ಧ ಸುದ್ದಿ ಮಾತ್ರ ಮುಟ್ಟಿದರೆ ಮಿದುಳು ತಪ್ಪಾಗಿ ಓದುತ್ತದೆ. ಇದಕ್ಕೆ ಪ್ಯಾರೋಸ್ಮಿಯಾ ಎನ್ನುತ್ತಾರೆ.

ಆಮೇಲೆ ಇನ್ನೊಂದು ಸಂಗತಿ ಓದಿ ಬೆರಗಾದೆ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ಅಂಶ ಸ್ವಲ್ಪ ಇರುತ್ತದೆ. ಮಲದಲ್ಲೂ ಇರುವುದು ಅದೇ. ಹೂವಿನಲ್ಲಿ ಉಳಿದ ಸುವಾಸನೆಗಳ ಜೊತೆ ಬೆರೆತಾಗ ಅದು ಮಲ್ಲಿಗೆಗೆ ಆ ಗಾಢತೆ ಕೊಡುತ್ತದೆ. ನನ್ನ ಅರೆಬರೆ ಮೂಗು ಅದೊಂದನ್ನೇ ಹಿಡಿಯುತ್ತಿತ್ತೋ ಏನೋ. ನಾನು ಹೂವಿಗೆ ಅಪಚಾರ ಮಾಡಿರಲಿಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ನಾಲ್ಕು ಬಾಟಲಿ, ಒಂದು ನೋಟ್‌ಬುಕ್

ವೈದ್ಯರು ಮಾತ್ರೆ ಬರೆಯಲಿಲ್ಲ, ಅಭ್ಯಾಸ ಹೇಳಿಕೊಟ್ಟರು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಧಾನವಿದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ವಾಸನೆ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, 12 ವಾರ. ಹೀಗೆ ಮಾಡಿದವರಲ್ಲಿ, ಮಾಡದವರಿಗಿಂತ ಹೆಚ್ಚು ಸುಧಾರಣೆ ಕಂಡಿತ್ತು. ಒಂದೊಂದನ್ನೂ ಹದಿನೈದು-ಇಪ್ಪತ್ತು ಸೆಕೆಂಡ್ ಮೆಲ್ಲಗೆ ಮೂಸಬೇಕು. ಬರೀ ಮೂಸಿದರೆ ಸಾಲದು, ಆ ವಾಸನೆ ಮೊದಲು ಹೇಗಿತ್ತು ಎಂದು ನೆನಪಿಸಿಕೊಳ್ಳಬೇಕು. ಪಾರ್ಶ್ವವಾಯು ಆದವರಿಗೆ ಕೈ ಆಡಿಸುವ ವ್ಯಾಯಾಮ ಕೊಡುತ್ತಾರಲ್ಲ, ಹಾಗೆಯೇ ಇದು ಮೂಗಿಗೆ ಮತ್ತು ಮಿದುಳಿಗೆ.

ಮನೆಗೆ ಬಂದು ಹಳೆಯ ಜಾಮ್ ಬಾಟಲಿ ತೊಳೆದು ಸಿದ್ಧತೆ ಶುರು ಮಾಡಿದಾಗ ಅಜ್ಜಿಗೆ ಹೇಳದೆ ವಿಧಿ ಇರಲಿಲ್ಲ. ಎಲ್ಲ ಹೇಳಿದೆ, ಶ್ರಾವಣದ ಹೂವಿನ ವಿಷಯವನ್ನೂ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಮೊದ್ಲೇ ಹೇಳಬಾರ್ದೇನವ್ವ, ನಾ ಏನೇನೋ ತಿಳ್ಕಂಡಿದ್ದೆ’ ಎಂದಳು. ಆಮೇಲೆ ಬಾಟಲಿ ನೋಡಿ, ‘ಗುಲಾಬಿ ಯಾಕ, ನಮ್ಮ ಮನ್ಯಾಗ ಮಲ್ಲಿಗಿ ಇರ್ಲಿಲ್ಲೇನು?’ ಎಂದು ಕೇಳಿದಳು. ಮಲ್ಲಿಗೆಯ ದಿನಗಳಲ್ಲ ಅವು, ಗಿಡದಲ್ಲಿ ಹೂವು ಕಡಿಮೆ. ಗುಲಾಬಿಯೇ ಇರಲಿ ಎಂದೆ. ಬಿಡದೆ, ದೇವರ ಮನೆಯಿಂದ ಮೈಲಾರದ ಭಂಡಾರದ ಪೊಟ್ಟಣ ತಂದು ಐದನೆಯದಾಗಿ ಇಟ್ಟಳು.

ಮೊದಲ ಮೂರು ವಾರ ನೋಟ್‌ಬುಕ್ಕಿನಲ್ಲಿ ಬರೆದದ್ದು ‘ಇಲ್ಲ, ಇಲ್ಲ, ತಂಪು ಮಾತ್ರ, ಇಲ್ಲ’. ನಾಲ್ಕನೇ ವಾರ ಲವಂಗದ ಬಾಟಲಿಯಲ್ಲಿ ದೂರದಿಂದ ಯಾರೋ ಕರೆದಂತೆ ಏನೋ ಬಂತು. ಹಲ್ಲು ನೋವಿಗೆ ಅಪ್ಪ ಲವಂಗ ಇಟ್ಟುಕೊಂಡಿದ್ದು ನೆನಪಾಯಿತು. ಆರನೇ ವಾರ ನಿಂಬೆ. ಕೂಡ್ಲಿಗಿ ಗೆಳತಿಗೂ ವಿಧಾನ ಹೇಳಿದ್ದೆ. ರಾತ್ರಿ ಒಂಬತ್ತಕ್ಕೆ ಇಬ್ಬರೂ ಫೋನ್ ಹಚ್ಚಿ ಒಟ್ಟಿಗೆ ಮೂಸುತ್ತಿದ್ದೆವು. ಒಬ್ಬಳಿಗೆ ಬೇಸರ ಬಂದ ದಿನ ಇನ್ನೊಬ್ಬಳು ಬೈಯುತ್ತಿದ್ದಳು.

ಎಂಟನೇ ವಾರ ಅವ್ವ ಒಂದು ಆಟ ಹೂಡಿದಳು. ಕಣ್ಣಿಗೆ ಬಟ್ಟೆ ಕಟ್ಟಿ ಬಾಟಲಿ ಹಿಡಿಯುವುದು, ಹೆಸರು ಹೇಳುವುದು. ನಾನು ಐದರಲ್ಲಿ ಮೂರು ಹೇಳಿದೆ. ‘ಈಗ ಅಜ್ಜಿ’ ಎಂದೆ. ಅವಳು ಬ್ಯಾಡ ಬ್ಯಾಡ ಎಂದರೂ ಬಿಡಲಿಲ್ಲ. ಲವಂಗ ಹಿಡಿದರೆ ‘ಭಂಡಾರ’ ಎಂದಳು. ನಿಂಬೆಗೆ ‘ಗುಲಾಬಿ’. ಗುಲಾಬಿಗೆ ಸುಮ್ಮನಾದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಕಣ್ಣಿನ ಬಟ್ಟೆ ತಾನೇ ಬಿಚ್ಚಿಕೊಂಡು ಹೇಳಿದಳು: ‘ನಂದು ಹೋಗಿ ಎಷ್ಟು ವರ್ಷ ಆತೋ ಏನೋ. ನಿಮ್ಮಜ್ಜ ಇದ್ದಾಗ್ಲೇ ಕಮ್ಮಿ ಆಗಿತ್ತು.’

‘ಮತ್ತೆ ದಿನಾ ಸಂಜೆ ವಾಸನಿ ಹೊಡಿತೈತಿ ಅಂತಿದ್ದೆಲ್ಲ?’

‘ಹೂ ಅರಳಿದ್ದು ಕಣ್ಣಿಗೆ ಕಾಣ್ತತಲ್ಲವ್ವ. ಕಂಡ ಕೂಡ್ಲೆ ನೆನಪಾಗ್ತತಿ.’

ವಯಸ್ಸಾದಂತೆ ವಾಸನೆ ಕುಂದುವುದು ಹೊಸದೇನಲ್ಲ. ಅಮೆರಿಕದ ರಿಚರ್ಡ್ ಡಾಟಿ ಮತ್ತು ಸಂಗಡಿಗರು 1984ರಲ್ಲೇ ಇದನ್ನು ಅಳೆದಿದ್ದರು. 65ರಿಂದ 80 ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, 80 ದಾಟಿದವರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜನರಿಗೆ ವಾಸನೆ ಶಕ್ತಿ ಬಹಳ ಕುಂದಿತ್ತು. ಆದರೆ ಕಣ್ಣು ಮಂಜಾದರೆ ಕನ್ನಡಕ ತರುತ್ತೇವೆ, ಕಿವಿ ಮಂದವಾದರೆ ಜೋರಾಗಿ ಮಾತಾಡುತ್ತೇವೆ. ಮೂಗಿನ ಬಗ್ಗೆ ಯಾರೂ ಕೇಳುವುದೇ ಇಲ್ಲ. ‘ಊಟ ರುಚಿಯಿಲ್ಲ’ ಎಂದು ಅಜ್ಜಿ ಅಂದಾಗಲೆಲ್ಲ ಅವ್ವನ ಕೈರುಚಿಯ ಮೇಲೆ ದೂರು ಎಂದು ಮನೆಯಲ್ಲಿ ಎಷ್ಟು ಸಲ ಮುನಿಸು ನಡೆದಿತ್ತೋ! ಜುಲೈನ ಆ ಮಧ್ಯಾಹ್ನ ನೆನಪಾಗಿ ಮೈ ಜುಮ್ಮೆಂದಿತು. ವಾಸನೆ ಇಲ್ಲದ ಇಬ್ಬರು, ಗ್ಯಾಸ್ ತುಂಬಿದ ಮನೆ. ಅವ್ವ ಇನ್ನಷ್ಟು ತಡವಾಗಿ ಬಂದಿದ್ದರೆ?

ಅವತ್ತಿನಿಂದ ನಮ್ಮಲ್ಲಿ ಎರಡು ನಿಯಮ. ಅಡುಗೆ ಮುಗಿದ ಕೂಡಲೇ ರೆಗ್ಯುಲೇಟರ್ ಬಂದ್. ಒಲೆಯ ಮೇಲೆ ಏನಾದರೂ ಇದ್ದರೆ ಅದು ಇಳಿಯುವ ತನಕ ಅಲ್ಲೇ ನಿಲ್ಲಬೇಕು. ಅಜ್ಜಿಯ ಪಾತ್ರೆಯ ಹಾಲು, ಸಾರು ಹಳಸಿದೆಯೇ ಎಂದು ಅವ್ವ ಮೂಸಿ ಕೊಡುತ್ತಾಳೆ. ಅಷ್ಟರಮಟ್ಟಿಗೆ ನನ್ನ ಕಾಯಿಲೆಯಿಂದ ಮನೆಗೆ ಒಳ್ಳೆಯದೇ ಆಯಿತು.

ಇದನ್ನು ಓದುವವರಲ್ಲಿ ಯಾರಿಗಾದರೂ ಹೀಗಾಗಿದ್ದರೆ, ನಾನು ಕಲಿತ ಕೆಲವು ಮಾತು. ಕೊರೊನಾ ಒಂದರಿಂದಲೇ ಅಲ್ಲ, ಸಾಮಾನ್ಯ ನೆಗಡಿ, ಫ್ಲೂ ವೈರಸ್‌ನಿಂದಲೂ ಹೀಗಾಗುತ್ತದೆ. ನೆಗಡಿ ಹೋಗಿ ಕೆಲವು ವಾರವಾದರೂ ವಾಸನೆ ಬಾರದಿದ್ದರೆ ಒಮ್ಮೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕಾರಣ ಬೇರೆಯೂ ಇರಬಹುದು. ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ನುಂಗಬೇಡಿ. ನೀಲಗಿರಿ ಎಣ್ಣೆಯನ್ನು ಮೂಗಿಗೆ ಬಿಟ್ಟುಕೊಳ್ಳಬೇಡಿ, ಹತ್ತಿಗೆ ಎರಡು ಹನಿ ಹಾಕಿ ಬಾಟಲಿಯಲ್ಲಿಟ್ಟರೆ ಸಾಕು. ಮಕ್ಕಳ ಕೈಗೆ ಸಿಗದಂತೆ ಇಡಿ. ಅಭ್ಯಾಸ ಮಾಡಿದ ಎಲ್ಲರಿಗೂ ಪೂರ್ತಿ ಬರುತ್ತದೆ ಎಂದೇನಿಲ್ಲ. ಆದರೆ ಇದಕ್ಕೆ ಖರ್ಚಿಲ್ಲ. ಬೇಕಾದದ್ದು ತಾಳ್ಮೆ, ಜೊತೆಗೊಬ್ಬರು. ಮನೆಯವರು ‘ಬರೀ ವಾಸನೆ ತಾನೇ’ ಎನ್ನದಿದ್ದರೆ ಅರ್ಧ ಗುಣವಾದಂತೆ.

2022ರ ಬೇಸಿಗೆಗೆ ಮಲ್ಲಿಗೆ ಮತ್ತೆ ಬಂತು. ಈ ಸಲ ಮಾರುಕಟ್ಟೆಯೂ ಇತ್ತು. ನಸುಕಿನಲ್ಲಿ ಮೊಗ್ಗು ಬಿಡಿಸುವಾಗ ಭಯಕ್ಕೆ ನಾನು ಮಾಸ್ಕ್ ತೆಗೆದಿರಲಿಲ್ಲ. ಸಂಜೆ ಒಂದು ಮೊಳ ಹೂವು ಬಟ್ಟಲಲ್ಲಿಟ್ಟು, ದೂರದಿಂದ ಒಂದೊಂದೇ ಗೇಣು ಹತ್ತಿರ ಸರಿಸಿಕೊಂಡೆ. ನಾತ ಇರಲಿಲ್ಲ. ತೆಳ್ಳಗೆ, ನೀರಿನಲ್ಲಿ ಕಲಸಿದಂತೆ, ಮಲ್ಲಿಗೆ ಇತ್ತು. ಮೊದಲಿನಷ್ಟು ಗಾಢವಲ್ಲ. ಇವತ್ತಿಗೂ ಅದು ಮೊದಲಿನಂತಿಲ್ಲ. ಅಥವಾ ಮೊದಲು ಹೇಗಿತ್ತು ಎಂಬುದೇ ನನಗೆ ಮರೆತಿರಬಹುದು. ಕಾಫಿ ಸರಿಯಾಗಿದೆ. ಈರುಳ್ಳಿ ಒಗ್ಗರಣೆ ಮಾತ್ರ ಕೆಲವು ದಿನ ಇನ್ನೂ ಮೋಸ ಮಾಡುತ್ತದೆ.

ಅಜ್ಜಿ ಅಭ್ಯಾಸ ಬಿಟ್ಟಿಲ್ಲ. ನನ್ನ 12 ವಾರ ಮುಗಿದ ಮೇಲೂ ಬೆಳಿಗ್ಗೆ ಪೂಜೆಯಾದ ಕೂಡಲೇ ಬಾಟಲಿಗಳ ಮುಂದೆ ಕೂರುತ್ತಿದ್ದಳು. ನಾನೇ ಅವಳಿಗೆ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಹಾಕಿಕೊಟ್ಟಿದ್ದೆ. ತಿಂಗಳುಗಟ್ಟಲೆ ಅಲ್ಲಿ ‘ಇಲ್ಲ’ ಎಂದೇ ಬರೆಯುತ್ತಿದ್ದೆ. ಯುಗಾದಿ ಕಳೆದು ಒಂದು ವಾರವಾಗಿತ್ತು. ಬಾಟಲಿ ಮೂಸಿ, ಕಣ್ಣು ಮುಚ್ಚಿ, ಮತ್ತೊಮ್ಮೆ ಮೂಸಿ, ‘ಬರಕೋ’ ಎಂದಳು. ಏನೆಂದು ಬರೆಯಲಿ ಎಂದೆ.

‘ಲವಂಗ ಇರಬೌದು ಅಂತ ಬರಿ.’

ಹಾಗೇ ಬರೆದಿದ್ದೇನೆ.